ಮುಚ್ಚಿದ ಪರದೆಯ ಹಿಂದೆ ಉಳಿದ ಮಾತು

ಚಳಿ ಇನ್ನೂ ಬಿಟ್ಟಿಲ್ಲ. ಬೆಳಕು ಹರಿಯುವ ಹೊತ್ತಿಗೇ ಸಭಾಂಗಣದ ರಂಗದ ಮೇಲೆ ಹಿರಿಯರೊಬ್ಬರು ಮಂಡಿಯೂರಿ ಹಲಗೆಗಳನ್ನು ಅಂಗೈಯಿಂದ ಸವರುತ್ತಿದ್ದಾರೆ. ಮೊಳೆ ಸಿಕ್ಕರೆ ಜೇಬಿಗೆ. ಬರಿಗಾಲಲ್ಲಿ ಆಡುವ ಮಕ್ಕಳು ಇನ್ನೇನು ಬರುತ್ತಾರೆ. ಆಮೇಲೆ ಪರದೆಯ ರಾಟೆಗೆ ಎಣ್ಣೆ ಬಿಡಬೇಕು. ಅದು ಕಿರುಗುಟ್ಟಿದರೆ ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಕುಕ್ಕರಿಸಿ ಕೂತುಬಿಡುತ್ತಾನೆ.

ಇವರು ಇಲ್ಲಿ ಪರದೆ ಎಳೆಯುವವರು. ವಿಶೇಷ ಮಕ್ಕಳ ಶಾಲೆಗೆ ಪರದೆ ಮಾಮ. ಸಭಾಂಗಣ ಖಾಲಿಯಿರುವ ಮುಂಜಾವದಲ್ಲಿ ಆ ಮಕ್ಕಳಿಂದ ನಾಟಕ ಆಡಿಸುತ್ತಾರೆ. "ನಾನೇನ್ ಕಲಿಸ್ತೀನಿ? ಕಾಯ್ತೀನಿ, ಅಷ್ಟೆ," ಎನ್ನುತ್ತಾರೆ.

ಮುಟ್ಟಿದರೆ ಕಿರುಚುತ್ತಿದ್ದ ಹುಡುಗ ಹೊಳೆ ದಾಟುವ ದೃಶ್ಯದಲ್ಲಿ ಈಗ ಗೆಳೆಯನ ಕೈ ಹಿಡಿಯುತ್ತಾನೆ. ಶಾಲೆಗೆ ಸೇರಿದಾಗಿನಿಂದ ತುಟಿ ಬಿಚ್ಚದಿದ್ದ ಹುಡುಗಿ ಕೋಟೆಯ ಕಾವಲುಗಾರ್ತಿ. ಅವಳಿಗಿರುವುದು ಒಂದೇ ಮಾತು: "ಯಾರದು?" ಅದು ಗಂಟಲಿನಿಂದ ಮೇಲೇರಲು ಹೊತ್ತು ಹಿಡಿಯುತ್ತದೆ. ಕೋಟೆ ಬಾಗಿಲಿಗೆ ಬಂದ ರಾಜ ನಿಂತು ಕಾಯುತ್ತಾನೆ. ನಾಟಕ ಕಟ್ಟಿರುವುದೇ ಹಾಗೆ.

ಕಾಯಲಾಗದವರು ದೊಡ್ಡವರು. ಸಭಾಂಗಣದ ಹೋದ ವರ್ಷದ ವಾರ್ಷಿಕೋತ್ಸವದಲ್ಲಿ ಹುಡುಗಿ ಬಾಯಿ ತೆರೆದು ನಿಂತಿದ್ದಾಗಲೇ ಕಾರ್ಯದರ್ಶಿ ಪರದೆ ಎಳೆಯಲು ಸನ್ನೆ ಮಾಡಿದರು. ಅತಿಥಿಗಳ ಭಾಷಣಕ್ಕೆ ತಡವಾಗುತ್ತಿತ್ತಂತೆ. ಮಾಮ ಕದಲಲಿಲ್ಲ. ಕಾರ್ಯದರ್ಶಿಯೇ ಬಂದು ಹಗ್ಗ ಕಿತ್ತುಕೊಂಡು ಎಳೆದರು. ಮುಚ್ಚಿದ ಪರದೆಯ ಹಿಂದೆ ಹುಡುಗಿ "ಯಾರದು?" ಎಂದಳು. ಆಚೆ ಚಪ್ಪಾಳೆ, ಅತಿಥಿಗೆ. ಕೊನೆಯಲ್ಲಿ ಅದೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ಹಣ್ಣು ಕೊಟ್ಟು ಫೋಟೊ ತೆಗೆಸಿಕೊಂಡರು. ಅದಕ್ಕೆ ಮಾತ್ರ ಹೊತ್ತಿತ್ತು.

"ಈ ಸಲ ನಾಟಕಾನೇ ಬೇಡ, ಮಕ್ಕಳಿಗೆ ಕಂಬಳಿ ಕೊಟ್ಟು ಕಳಿಸೋಣ ಅಂತಾರೆ ಕಾರ್ಯದರ್ಶಿ," ಹಗ್ಗ ಬಿಗಿಯುತ್ತ ಮಾಮ ಹೇಳುತ್ತಾರೆ. "ಕಂಬಳಿ ಕೇಳಿದ್ದು ಯಾರು?"

ಕಾವಲುಗಾರ್ತಿ ಹುಡುಗಿಯನ್ನು ತಾಲೀಮಿಗೆ ಕರೆತಂದು ರಂಗದ ಕೆಳಗೆ ಕುಳಿತ ತಾಯಿ ನಗುತ್ತಾಳೆ. "ಮನೇಲಿ ಬಾಗಿಲು ತಟ್ಟಿದ್ರೆ ಈಗ ಇವಳೇ ಕೇಳೋದು, ಮಾಮ. ಅವರಪ್ಪ ಅಂತೂ ಬೇಕಂತಲೇ ಆಚೆ ಹೋಗಿ ಇನ್ನೊಂದ್ಸಲ ತಟ್ತಾರೆ."

ತಾಲೀಮು ನಡೆದಿರುವಾಗಲೇ ಬಾಗಿಲು ತಳ್ಳಿಕೊಂಡು ಕಾರ್ಯದರ್ಶಿ ಬರುತ್ತಾರೆ. "ಇಷ್ಟೊತ್ತಿಗೇ ಯಾರ್ರೀ ತೆಗೆದಿದ್ದು?" ಹುಡುಗಿ ರಟ್ಟಿನ ಭರ್ಜಿಯನ್ನು ಅವರತ್ತ ತಿರುಗಿಸುತ್ತಾಳೆ. ಬಾಯಿ ತೆರೆಯುತ್ತದೆ. ಮಾತಿಲ್ಲ. ಕಾರ್ಯದರ್ಶಿ ಹೆಜ್ಜೆ ಮುಂದಿಡುವಷ್ಟರಲ್ಲಿ ಮಾಮ ಅಂಗೈ ಎತ್ತಿ ತಡೆಯುತ್ತಾರೆ. ಎಲ್ಲರೂ ಕಾಯುತ್ತಾರೆ.

"ಯಾರದು?"

"ನಾನಮ್ಮ... ಕಾರ್ಯದರ್ಶಿ." ದನಿ ತಗ್ಗಿದೆ. ಮಾಮನತ್ತ ತಿರುಗಿ, "ಹೇಳಿದಳಲ್ಲ, ಆಯ್ತಲ್ಲ?"

"ಎಲ್ಲಿ ಆಯ್ತು ಸಾರ್? ಅವತ್ತು ಮುಂದೆ ಕೂತಿದ್ದೋರು ಕೇಳಿಲ್ಲ. ಅದು ಇನ್ನೂ ಬಾಕಿನೇ."

"ನೋಡೋಣ," ಎಂದು ಅವರು ಹೊರಡುತ್ತಾರೆ.

ಮಾಮ ಹಗ್ಗವನ್ನು ಗೂಟಕ್ಕೆ ಸುತ್ತಿ, ಗಂಟಿನ ಮೇಲೊಂದು ಗಂಟು ಹಾಕುತ್ತಾರೆ. "ಕಿತ್ಕೊಳ್ಳೋಕೆ ಬರೋರು ಮೊದಲು ಇದನ್ನ ಬಿಚ್ಲಿ. ಅಷ್ಟರಲ್ಲಿ ನಮ್ಮ ಹುಡುಗಿ ಹೇಳಿ ಮುಗಿಸಿರ್ತಾಳೆ."