ಒಣ ಬಾನಿಯಲ್ಲಿ ಜಪಾನಿನ ಸ್ನಾನ

“ಕುಂದ್ರು ಬೇ, ಕುತ್ತಿಗಿಮಟ ನೀರೈತಿ ಅಂತ ತಿಳ್ಕೊ,” ಎಂದು ಅತ್ತಿಗೆ ನನ್ನನ್ನು ಎತ್ತುಗಳು ನೀರು ಕುಡಿಯುವ ಒಣ ಬಾನಿಯಲ್ಲಿ ಕೂರಿಸಿದಳು. ನಿಜಾಮರ ಕಾಲ, ಮಸ್ಕಿಯ ನನ್ನ ತವರಿನ ಹಿತ್ತಲು. ಮರುದಿನ ನಾನು ಜಪಾನಿನ ಕೋಬೆಗೆ ಹೊರಡಬೇಕಿತ್ತು. ಗಂಡ ಅಲ್ಲಿ ಜವಳಿ ವ್ಯಾಪಾರಿಯೊಬ್ಬರ ಮನೆಯ ಅಡುಗೆಯವ. ಅತ್ತಿಗೆ ನನ್ನ ಅಣ್ಣನೊಂದಿಗೆ ಆ ಊರಲ್ಲಿದ್ದು ಬಂದವಳು. ನಾನು ಮಾತ್ರ ಗೊತ್ತಿಲ್ಲದ ಊರಲ್ಲಿ ಏನಾದರೂ ತಪ್ಪು ಮಾಡಿಬಿಟ್ಟೇನೆಂದು ಹೆದರಿ, ಒಲ್ಲೆ ಎಂದು ಹಟ ಹಿಡಿದಿದ್ದೆ.

ಸಂಜೆಯ ಬಿಸಿಲು ಬಾನಿಯೊಳಗೆ ತುಂಬಿತ್ತು. ಕಣ್ಣು ಮುಚ್ಚಿದರೆ ಬೆಚ್ಚನೆಯ ನೀರಿನಲ್ಲಿ ತೇಲಿದಂತಾಗುತ್ತಿತ್ತು.

“ಅಲ್ಲಿ ಬಾನಿ ಹೊರಗ ಮೈ ತೊಳ್ಕೊಂಡು ಒಳಗ ಇಳಿಬೇಕು. ಎದ್ದ ಮ್ಯಾಲ ನೀರು ಚೆಲ್ಲಬ್ಯಾಡ. ಅದ ನೀರಾಗ ಮನಿಮಂದಿಯೆಲ್ಲಾ ಇಳೀತಾರ.”

“ಒಬ್ರು ಇಳದ ನೀರಾಗ? ಛೀ! ನೀ ಏನ್ ಮಾಡಿದಿ?”

“ಚೆಲ್ಲಿಬಿಟ್ಟೆ. ನಾವಿದ್ದ ಮನಿ ಮುದುಕಿ ತನ್ನ ಪಾಳಿಗೆ ಕಾಯ್ಕೋತ ಅರಿವಿ ಹಿಡ್ಕೊಂಡು ಬಾಗಲದಾಗ ನಿಂತಿದ್ಲು. ಬೈತಾಳ ಅಂದ್ಕೊಂಡೆ. ನಕ್ಕೋತ ಹೋಗಿ ನೀರು ಕಾಸಾಕ ಮತ್ತ ಒಲಿ ಹಚ್ಚಿದ್ಲು.”

ನಾನು ಎದ್ದು, ಸೀರೆ ಕೊಡವಿ, ಬಟ್ಟೆಯ ಗಂಟು ಕಟ್ಟಲು ಒಳಗೆ ಹೋದೆ.

ಕೋಬೆಯಲ್ಲಿ ನಾನು ನೀರು ಚೆಲ್ಲಲಿಲ್ಲ, ಬೇರೆ ತಪ್ಪು ಮಾಡಿದೆ. ಭಾಷೆ ಅರ್ಧವೂ ಬರಲಿಲ್ಲ. ಪರದೇಶಕ್ಕೆ ಹೊರಟವರು ಕೇಳಿದರೆ ನಾನು ಹೇಳುವುದು ಇಷ್ಟೇ: ತಪ್ಪು ಆಗಿಯೇ ಆಗುತ್ತದೆ, ಹೋಗಿ ಬನ್ನಿ.