ಚಂದಾಕ್ಕ ಹೋದ ರೂಪಾಯಿ

ನಮ್ಮ ಕಡೆ ಕೈಚಳಕಕ್ಕೆ ‘ಹಾತ್ ಕೀ ಸಫಾಯಿ’ ಅನ್ನುತ್ತಾರೆ. ಕೈಯ ಸ್ವಚ್ಛತೆ ಎಂದು ಅದರ ಅರ್ಥ. ಈ ಸ್ವಚ್ಛತೆಯನ್ನು ನನಗೆ ಕಲಿಸಿದವರ ಕೈ ಇಡೀ ಬೀದರ ಜಿಲ್ಲೆಯಲ್ಲಿ ಅತ್ಯಂತ ಹೊಲಸು ಕೈಯಾಗಿತ್ತು ಎಂಬುದನ್ನು ವಿನಯಪೂರ್ವಕವಾಗಿ ಮೊದಲೇ ನಿವೇದಿಸುತ್ತೇನೆ. ಅವರು ಕಲಾಯಿಯವರು. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಕಾಯಿಸಿ, ನವಸಾಗರ ಉಜ್ಜಿ, ಒಳಗೆ ತವರದ ಲೇಪ ಕೊಡುವ ಕಸುಬು. ಮೂವತ್ತು ವರ್ಷದ ಇದ್ದಿಲು ಮಸಿ ಅಂಗೈಯ ಗೆರೆಗಳನ್ನೆಲ್ಲ ತುಂಬಿಬಿಟ್ಟಿತ್ತು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಅವರ ಕೈ ಹಿಡಿದು ಸ್ವಲ್ಪ ಹೊತ್ತು ಹುಡುಕಿ, ಮಾಫಿ ಕೇಳಿ ಎದ್ದುಹೋದನಂತೆ. ಇದು ಅವರೇ ಹೇಳಿದ್ದು. ಅವರು ಹೇಳಿದ್ದರಲ್ಲಿ ನಾಲ್ಕಾಣೆ ಭಾಗ ನಂಬಬಹುದಿತ್ತು.

ಬೀದರದಲ್ಲಿ ಅವರ ಮನೆ. ವಾರಕ್ಕೊಂದು ಸಂತೆ ಹಿಡಿದು ಭಾಲ್ಕಿ, ಔರಾದದ ಕಡೆ ತಿರುಗುತ್ತಿದ್ದರು. ಎಲ್ಲರಿಗೂ ಅವರು ಚಾಚಾ. ಪಾತ್ರೆ ಕಾಯುವ ತನಕ ಗಿರಾಕಿಗಳು ಬೇರೆ ಕಡೆ ಸರಿಯಬಾರದೆಂದು ನಾಣ್ಯದ ಆಟ ಆಡುತ್ತಿದ್ದರು. ನಾನು ಭಾಲ್ಕಿಯ ಶಾಲೆಯಲ್ಲಿ ಮಾಸ್ತರ. ಉರ್ದುವಿನಲ್ಲಿ ಗಣಿತ ಕಲಿಸಲು ಹೈದರಾಬಾದ್ ಸಂಸ್ಥಾನ ನನಗೆ ಸಂಬಳ ಕೊಡುತ್ತಿತ್ತು. ನನಗೆ ಉರ್ದುವೂ ಗಣಿತವೂ ಸಮ ಪ್ರಮಾಣದಲ್ಲಿ ಬರುತ್ತಿದ್ದವು; ಪ್ರಮಾಣ ಎಷ್ಟೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ.

ಕಲಾಯಿಗೆಂದು ಅವ್ವನ ಕೊಡ ಹೊತ್ತುಕೊಂಡು ಹೋದವನು ಶಿಷ್ಯನಾಗಿ ತಿರುಗಿ ಬಂದೆ. ಚಾಚಾ ಕಲಿಸಿದ ಮೊದಲ ಪಾಠ ಬಹಳ ಸಣ್ಣದು. ರೂಪಾಯಿಯನ್ನು ಹೆಬ್ಬೆರಳ ಬುಡದ ಮಾಂಸಕ್ಕೂ ಕಿರುಬೆರಳ ಬುಡಕ್ಕೂ ನಡುವೆ ಸಿಕ್ಕಿಸಿ, ಬೆರಳುಗಳನ್ನು ಸಡಿಲ ಬಿಟ್ಟು, ಲೋಕದ ಎಲ್ಲ ಕೆಲಸ ಮಾಡಬೇಕು. ನಾನು ಮಾಡಿದೆ. ಬಲಗೈಯಲ್ಲಿ ರೂಪಾಯಿ ಅಡಗಿಸಿಕೊಂಡು ಹಲಗೆಯ ಮೇಲೆ ಭಾಗಾಕಾರ ಬರೆದೆ, ರೊಟ್ಟಿ ಮುರಿದೆ, ಇನ್‌ಸ್ಪೆಕ್ಟರ್ ಸಾಹೇಬರಿಗೆ ಸಲಾಮು ಹೊಡೆದೆ. ಆ ಸಲಾಮಿನಲ್ಲೇ ರೂಪಾಯಿ ಜಾರಿ ಅವರ ಬೂಟಿನ ಮೇಲೆ ಬಿತ್ತು. ಲಂಚ ಇಷ್ಟು ಬಹಿರಂಗವಾಗಿ ಕೊಡಬಾರದೆಂದು ಅವರು ನನಗೆ ಬುದ್ಧಿ ಹೇಳಿದರು.

“ಕೈಯಾಗ ಏನೂ ಇಲ್ಲ ಅಂತ ಮೊದಲ ನೀವು ನಂಬ್ರಿ ಮಾಸ್ತರ ಸಾಬ್,” ಅನ್ನುತ್ತಿದ್ದರು ಚಾಚಾ. “ನಿಮ್ಮ ಕೈ ನೋಡಿದ್ರ ನನಗ ತಿಳಿಯಂಗಿಲ್ಲ. ಮಾರಿ ನೋಡಿದ್ರ ತಿಳೀತದ. ಮಾರಿ ಮ್ಯಾಲ ರೂಪಾಯಿ ಕುಂತದ.”

ಕೈಗಳು ಅವರವು, ಮಾತು ನನ್ನದು ಎಂದು ಒಪ್ಪಂದವಾಯಿತು. ಅವರ ಕನ್ನಡ ಗಿರಾಕಿಗಳಿಗೆ ಸಾಕಾಗುತ್ತಿತ್ತು, ಸಭೆಗೆ ಸಾಲುತ್ತಿರಲಿಲ್ಲ. ನಾನು ಕೂತು ಒಂದು ಪೂರ್ತಿ ಆಟ ಕಟ್ಟಿದೆ. ಸಂತೆಗೆ ಬಂದವರೊಬ್ಬರಿಂದ ಹಾಲಿ ರೂಪಾಯಿ, ಅಂದರೆ ನಮ್ಮ ಸಂಸ್ಥಾನದ ಸಿಕ್ಕಾ, ಕೇಳಿ ಪಡೆಯುವುದು. ಅದನ್ನು ಎಡಗೈಗೆ ಹಾಕಿದಂತೆ ಮಾಡಿ ಬಲಗೈಯಲ್ಲೇ ಉಳಿಸಿಕೊಳ್ಳುವುದು. ಎಡಮುಷ್ಟಿಯನ್ನು ಬೆಂಕಿಗೆ ಹಿಡಿದು ಊದಿ ತೆರೆಯುವುದು: ಮಾಯ. ಇದು ಮೊದಲ ಅರ್ಧ. ಎರಡನೇ ಅರ್ಧದಲ್ಲಿ ಈಗಷ್ಟೇ ಕಲಾಯಿ ಆದ ಚಂಬಿನೊಳಗೆ ಬಲಗೈ ಇಳಿಸಿ, ಠಣ್ ಎನ್ನಿಸಿ, ಅದೇ ರೂಪಾಯಿ ತೆಗೆದು ಕೊಟ್ಟವರ ಕೈಗೆ ಹಾಕುವುದು.

ಮೊದಲ ಪ್ರಯೋಗ ಔರಾದದ ಸಂತೆಯಲ್ಲಿ. ಎರಡು ಅರ್ಧಗಳ ನಡುವೆ ನಾನು ಲಕ್ಷ್ಮಿಯ ಚಂಚಲ ಸ್ವಭಾವದ ಕುರಿತು ಒಂದು ಉಪನ್ಯಾಸವಿಟ್ಟಿದ್ದೆ. ಅದು ಮುಗಿಯುವಷ್ಟರಲ್ಲಿ ನಮ್ಮ ಮುಂದೆ ಒಂದು ಎಮ್ಮೆ ಮಾತ್ರ ಉಳಿದಿತ್ತು.

“ರೂಪಾಯಿ ಮಾಯ ಮಾಡೂದು ನನ್ನ ಕೆಲಸ,” ಅಂದರು ಚಾಚಾ. “ಮಂದಿನ್ನ ಮಾಯ ಮಾಡೂದು ನೀವು ಕಲ್ತೀರಿ. ನೀವೇ ಉಸ್ತಾದ್.”

ಆಗ ನಾನು ಉಪನ್ಯಾಸ ಕಿತ್ತು ಎರಡೇ ಶಬ್ದ ಇಟ್ಟೆ. ಅವು ಎಂಥ ದಿನಗಳೆಂದು ಹೇಳಬೇಕು. ಸಂಸ್ಥಾನ ಹಿಂದುಸ್ತಾನಕ್ಕೆ ಸೇರಕೂಡದೆಂದು ಖಾಕಿ ಹಾಕಿಕೊಂಡ ಪಡೆಗಳು ಊರೂರು ತಿರುಗುತ್ತಿದ್ದವು. ‘ಖಾಕಿ ಬಂತು’ ಅಂದರೆ ಸಾಕು, ಬಾಗಿಲು ಮುಚ್ಚುತ್ತಿದ್ದವು. ಅವರು ಎತ್ತುತ್ತಿದ್ದ ಹಣಕ್ಕೆ ಚಂದಾ ಎಂದು ಹೆಸರು. ಕೊಟ್ಟದ್ದು ತಿರುಗಿ ಬಂದ ಉದಾಹರಣೆಯಿಲ್ಲ. ಕೊಡದವರ ಬಣವೆಗಳು ಸುಟ್ಟ ಉದಾಹರಣೆ ಬೇಕಾದಷ್ಟಿದ್ದವು. ಚಾಚಾ ಖಾಲಿ ಮುಷ್ಟಿ ತೆರೆದು, ಎದೆ ಉಬ್ಬಿಸಿ, ಖಾಕಿ ಜಮಾದಾರನ ಗತ್ತಿನಲ್ಲಿ “ಚಂದಾಕ್ಕ ಹೋಯ್ತು!” ಅನ್ನಬೇಕೆಂದು ನಾನು ಬರೆದೆ.

“ಬ್ಯಾಡ್ರಿ. ಈ ಮಾತು ಗರಮ್ ಅದ.”

“ಕಲಾಯಿಯವರೇ ಗರಮಿಗೆ ಅಂಜಿದ್ರ ಹ್ಯಾಂಗ ಚಾಚಾ?”

ಕೊನೆಗೆ ಚಾಚಾ ಅಂದೇಬಿಟ್ಟರು. ಭಾಲ್ಕಿ ಸಂತೆ ನಕ್ಕಿತು. ಸುತ್ತ ಒಮ್ಮೆ ನೋಡಿಕೊಂಡು, ಸೆರಗು, ಹೆಗಲ ವಲ್ಲಿ ಬಾಯಿಗಿಟ್ಟುಕೊಂಡು ನಕ್ಕಿತು. ಆ ವಾರ ಪಾತ್ರೆಗಳು ರಾಶಿ ಬಿದ್ದವು. ನಾನು ಸಾಹಿತಿಯಾದೆ.

ಮೂರನೆಯದೋ ನಾಲ್ಕನೆಯದೋ ಸಂತೆಯಲ್ಲಿ ಖಟಕ ಚಿಂಚೋಳಿಯ ರೈತರೊಬ್ಬರು ಬಂದಿದ್ದರು. ಆಟವನ್ನು ಹಿಂದೆ ನೋಡಿದವರಲ್ಲ. ಚಾಚಾ ಕೇಳಿದರೆಂದು ಧೋತರದ ಗಂಟು ಬಿಚ್ಚಿ ರೂಪಾಯಿ ಕೊಟ್ಟರು. ಚಾಚಾ ಊದಿದರು, ಮುಷ್ಟಿ ತೆರೆದರು, “ಚಂದಾಕ್ಕ ಹೋಯ್ತು!” ಅಂದರು. ರೈತರ ಮುಖ ಇಳಿಯಿತು.

“ಆಯ್ತರಿ. ಹೋಗ್ಲಿರಿ,” ಎಂದು ಎರಡೂ ಕೈ ಜೋಡಿಸಿ ಎದ್ದುಬಿಟ್ಟರು.

ಚಾಚಾ ಗಾಬರಿಯಾಗಿ ಕೂಗಿದರು: “ಓ ಭಾಯ್, ನಿಲ್ರಿ, ಇನ್ನಾ ಅರ್ಧಾ ಅದ!”

ಆಟದ ಅರ್ಧ ಎಂದು ಅವರ ಅರ್ಥ. ಕೇಳಿದವರಿಗೆ ಇನ್ನರ್ಧ ರೂಪಾಯಿ ಎಂದೇ ಕೇಳಿಸಿರಬೇಕು. ಆ ಮನುಷ್ಯ ಓಡಿದ ಓಟ ನನಗಿನ್ನೂ ಕಣ್ಣಿಗೆ ಕಟ್ಟಿದೆ. ನಾವೆಲ್ಲ ನಕ್ಕೆವು. ನಾನು ಉಳಿದವರಿಗಿಂತ ಹೆಚ್ಚು ನಕ್ಕೆ, ಮಾತು ನನ್ನದಲ್ಲವೆ.

ಚಾಚಾ ನಗಲಿಲ್ಲ. ನಾಣ್ಯ ತಿರುಗಿಸಿ ನೋಡಿ, “ಅಂಚಿಗೆ ಬೆಸುಗೆ ಅದ. ಹೆಣ್ಣುಮಗಳ ಕೊರಳ ಸರದಾಗಿಂದು, ಕೊಂಡಿ ಕಿತ್ತು ತಂದಾನ. ನೀವು ಮುಟ್ಟಸ್ರಿ, ಆ ಊರ ಹುಡುಗರು ನಿಮ್ಮ ಸಾಲಿಗೆ ಓದ್ಲಿಕ್ಕ ಬರ್ತಾರ,” ಎಂದು ನನ್ನ ಕೈಗಿತ್ತರು. ಮುಟ್ಟಿಸುತ್ತೇನೆ ಅಂದೆ. ಮರುದಿನ ಶಾಲೆಯಲ್ಲಿ ಕೈಯಲ್ಲಿಟ್ಟು ನೋಡಿದರೆ, ಆ ಬೆಸುಗೆಯ ಚೂರು ಅಂಗೈಗೆ ಕಚ್ಚಿ ಹಿಡಿಯಿತು. ಇಡೀ ದಿನ ಜಾರಲಿಲ್ಲ. ಅಂಥ ನಾಣ್ಯ ಮತ್ತೆ ಸಿಗುವುದಿಲ್ಲ. ಬರುವ ವಾರ ಮುಟ್ಟಿಸಿದರಾಯಿತು ಅಂದುಕೊಂಡೆ. ಹಾಗೆ ಎಷ್ಟೋ ವಾರ ಅಂದುಕೊಂಡೆ.

ಆಮೇಲೆ ಪೊಲೀಸ್ ಆಕ್ಷನ್ ಆಯಿತು, ಹಿಂದುಸ್ತಾನದ ಫೌಜು ಬಂತು. ಸರ್ಕಾರಗಳ ಯುದ್ಧ ಐದು ದಿನಕ್ಕೆ ಮುಗಿಯಿತು. ಊರುಗಳದ್ದು ಅಲ್ಲಿಂದ ಶುರುವಾಯಿತು. ನಿಜವಾಗಿ ಖಾಕಿ ಹಾಕಿದವರಲ್ಲಿ ಬಹಳ ಮಂದಿ ಮೊದಲೇ ಓಡಿಹೋಗಿದ್ದರು. ಓಡಿಹೋಗಲು ಕಾರಣವಿಲ್ಲದವರು ಮನೆಯಲ್ಲಿದ್ದರು, ಅವರು ಸಿಕ್ಕರು. ಕೆಲವು ಊರುಗಳಲ್ಲಿ ಜನ ತಮ್ಮ ಬಾವಿಯ ನೀರು ಕುಡಿಯುವುದನ್ನು ಬಿಟ್ಟು ಹಳ್ಳಕ್ಕೆ ಹೋಗತೊಡಗಿದರು. ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಚಾಚಾ ಭಾಲ್ಕಿಯ ದಾರಿಯಲ್ಲಿ ತಿದಿ, ಚೀಲದ ಸಮೇತ ಸಿಕ್ಕಿಬಿದ್ದರು. ವಿಚಾರಣೆ ನಮ್ಮ ಶಾಲೆಯಲ್ಲೇ. ನಾನು ಕೊನೆಗೆ ಬರೆದ ಭಾಗಾಕಾರ ಇನ್ನೂ ಹಲಗೆಯ ಮೇಲಿತ್ತು, ತಪ್ಪಾಗಿಯೇ ಇತ್ತು. ಅದರ ಕೆಳಗೆ ಹೊರಗಿನ ಸೀಮೆಯ ಒಬ್ಬ ಮಿಲಿಟರಿ ಅಧಿಕಾರಿ, ಅಕ್ಕಪಕ್ಕ ಊರ ಹಿರಿಯರು. ಗೋಡೆಗೆ ಒರಗಿಸಿ ಕೂರಿಸಿದ್ದ ಏಳೆಂಟು ಮಂದಿಯಲ್ಲಿ ಚಾಚಾ ಕೊನೆಯವರು, ಕೈಗೆ ಹಗ್ಗ. ಯಾರೂ ಬೊಟ್ಟು ಮಾಡದವರು ಮನೆಗೆ. ಬೊಟ್ಟು ಮಾಡಿಸಿಕೊಂಡವರು ಹೊರಗೆ ನಿಂತ ಲಾರಿಯಲ್ಲಿ ಬೀದರದ ಜೇಲಿಗೆ. ಜೇಲಿಗೆ ಹೋದವರಲ್ಲಿ ಯಾರೂ ಇನ್ನೂ ತಿರುಗಿ ಬಂದಿರಲಿಲ್ಲ.

ಚಿಂಚೋಳಿಯ ರೈತರು ಎದ್ದು ನಿಂತರು. ಕೊರಳ ಲಿಂಗ ಮುಟ್ಟಿಕೊಂಡು ಹೇಳಿದರು: “ಇವನೇ ರಿ. ನನ್ನ ರೂಪಾಯಿ ತಗೊಂಡ. ಚಂದಾಕ್ಕ ಹೋಯ್ತು ಅಂದ. ನಾ ಹೊಂಟ್ರ, ಇನ್ನಾ ಅರ್ಧಾ ಅದ ಅಂತ ಬೆನ್ನ ಹತ್ತಿ ಒದರಿದ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ನಾನು ತಯಾರಾಗಿಯೇ ಹೋಗಿದ್ದೆ. ಇದು ಆಟ ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ಆಡಿ ತೋರಿಸಬೇಕು. ಮೊದಲರ್ಧ ಮಾಡಿ, ರೈತರು ನೋಡದೆ ಓಡಿಹೋದ ಎರಡನೇ ಅರ್ಧವನ್ನೂ ಮಾಡಿ, ಅವರ ರೂಪಾಯಿಯನ್ನೇ ಚಂಬಿನಿಂದ ತೆಗೆದು ಅವರ ಕೈಗೆ ಹಾಕುವುದು. ಬೆಸುಗೆಯ ಗುರುತಿದೆ, ಅವರು ಒಪ್ಪಲೇಬೇಕು. ಶಾಲೆಯ ನೀರಿನ ಚಂಬನ್ನು ಮೇಜಿನ ಮೇಲಿಟ್ಟು, ಅಪ್ಪಣೆ ಕೇಳಿದೆ. ಅಧಿಕಾರಿ “ದಿಖಾವ್” ಅಂದ.

ರೂಪಾಯಿಯನ್ನು ದೂರದಿಂದ ತೋರಿಸಿದೆ. ಎಡಗೈಗೆ ಹಾಕಿದಂತೆ ಮಾಡಿದೆ. ಊದಿದೆ. ತೆರೆದೆ. ಮಾತಿಲ್ಲದೆ ಆಟ ಪೂರ್ತಿಯಾಗುವುದಿಲ್ಲವೆಂದು ಅದನ್ನೂ ಹೇಳಿದೆ.

“ಚಂದಾಕ್ಕ ಹೋಯ್ತು.”

ಯಾರೂ ನಗಲಿಲ್ಲ. ಹಿರಿಯರೊಬ್ಬರು ಕುರ್ಚಿ ಹಿಂದೆ ಸರಿಸಿದರು. ರೈತರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. “ಮಾಸ್ತರ್ರೂ ಅವತ್ತ ಅಲ್ಲೇ ಇದ್ರಲ್ಲರಿ. ಇವನ ಮಗ್ಗಲಾಗೇ ಕುಂತಿದ್ರು. ನಗತಿದ್ರು.”

ಅಧಿಕಾರಿ ಪೆನ್ನು ಕೆಳಗಿಟ್ಟ. ಹಾಗಾದರೆ ಈ ರೈತನ ರೂಪಾಯಿ ಎಲ್ಲಿದೆ ಎಂದು ನನ್ನನ್ನೇ ಕೇಳಿದ.

ಅದು ನನ್ನ ಬಲ ಅಂಗೈಯಲ್ಲಿತ್ತು. ಬೆಸುಗೆ ಕಚ್ಚುತ್ತಿತ್ತು. ಚಂಬು ಒಂದು ಮೊಳ ದೂರ. ತೆಗೆದರೆ ಅವರು ಗುರುತು ಹಿಡಿಯುತ್ತಾರೆ, ಅದಕ್ಕೇ ತಂದದ್ದು. ಮುಂದಿನ ಪ್ರಶ್ನೆ, ಇಷ್ಟು ತಿಂಗಳು ಅದು ನಿನ್ನ ಹತ್ತಿರ ಯಾಕಿತ್ತು ಎಂಬುದು. ಹಳೇ ಸರ್ಕಾರದ ಉರ್ದು ಮಾಸ್ತರ, ಚಂದಾ ಎತ್ತುವವನ ಪಕ್ಕ ಕುಂತು ನಗುವವ, ಚಂದಾದ ರೂಪಾಯಿ ಕಿಸೆಯಲ್ಲಿಟ್ಟುಕೊಂಡವ. ಕಿಟಕಿಯಿಂದ ಲಾರಿ ಕಾಣುತ್ತಿತ್ತು. ಅದರಲ್ಲಿ ಜಾಗ ಇತ್ತು.

ನಾನು ಎರಡೂ ಕೈ ಎತ್ತಿ, ಅಂಗೈ ತಿರುಗಿಸಿ, ಖಾಲಿ ತೋರಿಸಿದೆ. ಎಡಗೈಗೆ ಎಲ್ಲರ ಕಣ್ಣು ಹೋದ ಗಳಿಗೆಯಲ್ಲಿ ಬಲಗೈಯ ರೂಪಾಯಿ ಅಂಗಿಯ ತೋಳಿನೊಳಗೆ ಜಾರಿತು. ಎರಡು ವರ್ಷ ಬಡಿದಾಡಿದರೂ ಆ ಒಂದು ಜಾರು ನನಗೆ ಸಿದ್ಧಿಸಿರಲಿಲ್ಲ. ಅವತ್ತು ಸಿದ್ಧಿಸಿತು.

“ನನಗ ಗೊತ್ತಿಲ್ಲ ಸಾಹೇಬ್ರ,” ಅಂದೆ.

ಆ ಕೋಣೆಯಲ್ಲಿ ಗೊತ್ತಿದ್ದವರು ಇನ್ನೊಬ್ಬರು ಮಾತ್ರ. ಅವರು ನನ್ನ ಕೈ ನೋಡಲಿಲ್ಲ, ಮುಖ ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಲಾರಿ ಹತ್ತುವಾಗ ಕೈ ಕಟ್ಟಿದ್ದರಿಂದ ಅವರಿಗೆ ಹಿಡಿದುಕೊಂಡು ಹತ್ತಲಾಗಲಿಲ್ಲ. ಯಾರೋ ಹಿಂದಿನಿಂದ ನೂಕಿದರು.

ಮೂರು ವಾರ ನಾನು ಯಥಾಪ್ರಕಾರ ಉಂಡೆ, ಕಲಿಸಿದೆ. ಆಮೇಲೆ ಚಿಂಚೋಳಿಗೆ ನಡೆದೆ. ರೈತರು ದನಕ್ಕೆ ಕಣಿಕೆ ಹಾಕುತ್ತಿದ್ದರು. ಎಲ್ಲಾ ಹೇಳಿ, ರೂಪಾಯಿ ಮುಂದಿಟ್ಟೆ. ಅವರು ಅಂಚಿನ ಬೆಸುಗೆ ನೋಡಿದರು. ಮುಟ್ಟಲಿಲ್ಲ.

“ಇದು ನಂದಲ್ಲರಿ.”

“ನಿಮ್ಮದೇ ರಿ. ನೋಡ್ರಿ ಗುರ್ತು.”

“ನಾ ಲಿಂಗಾ ಮುಟ್ಟಿ ಹೇಳೀನ್ರಿ ಮಾಸ್ತರ್ರ, ಎಲ್ಲಾರ ಮುಂದ. ಇದನ್ನ ತಗೊಂಡ್ರ ನಾ ಏನಾದೆ? ನನ್ನ ರೂಪಾಯಿ ಚಂದಾಕ್ಕ ಹೋಗ್ಯದ. ನೀವು ಚಾ ಕುಡದು ಹೋಗ್ರಿ.”

ಚಹಾ ಕುಡಿದೆ. ಬೆಲ್ಲ ಜಾಸ್ತಿಯಾಗಿತ್ತು.

ಉಳಿದದ್ದು ಬೀದರ. ನಡೆದದ್ದನ್ನೆಲ್ಲ ಎರಡು ಪುಟದ ಹೇಳಿಕೆಯಾಗಿ ಬರೆದು, ಸಹಿ ಹಾಕಿ, ಬಸ್ಸು ಹಿಡಿದು ಹೋದೆ. ಜೇಲಿನ ಕಚೇರಿಯ ಗುಮಾಸ್ತ ದಪ್ಪ ರಿಜಿಸ್ಟರು ತೆರೆದು ಬೆರಳು ಇಳಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದ.

“ತೀರಿಕೊಂಡು ಎಂಟು ದಿನ ಆಯ್ತಲ್ರಿ. ಭೇದಿ.”

ನಾನು ಬಗ್ಗಿ ನೋಡಿದೆ. ಹೆಸರು, ಊರು ಸರಿಯಾಗಿದ್ದವು. ಕಸುಬು ಎಂಬಲ್ಲಿ ‘ಜಾದೂಗಾರ’ ಎಂದಿತ್ತು. ನನ್ನ ಪ್ರದರ್ಶನವನ್ನು ಅಧಿಕಾರಿ ಅಷ್ಟರಮಟ್ಟಿಗೆ ನಂಬಿದ್ದ.

“ಇದು ತಪ್ಪದ ರಿ. ಕಲಾಯಿಯವರು ಅಂತ ಬರೀರಿ.”

“ಸತ್ತವರ ಕಸುಬು ತಿದ್ದಬೇಕಾದ್ರ ಅರ್ಜಿ ಬೇಕ್ರಿ.”

“ಮತ್ತ ಈ ಹೇಳಿಕೆ?”

ಅವನು ಎರಡೂ ಪುಟ ತಿರುವಿ ಹಾಕಿ, ಮರ್ಯಾದೆಯಿಂದ ತಿರುಗಿ ಕೊಟ್ಟ. “ಫೈಲ್ ಮುಚ್ಯಾದ್ರಿ. ಯಾವುದಕ್ಕ ಹಚ್ಚಲಿ?”

ಹೊರಗಿನ ಕಟ್ಟೆಯ ಮೇಲೆ ಕುಳಿತು ಅರ್ಜಿ ಬರೆದೆ. ಸದರಿ ವ್ಯಕ್ತಿ ಜಾದೂಗಾರರಲ್ಲ, ಪಾತ್ರೆಗಳಿಗೆ ಕಲಾಯಿ ಮಾಡುವವರು. ಜಾದೂ ಮಾಡಿದವನು ಅರ್ಜಿದಾರ. ಗುಮಾಸ್ತ ಓದಿದ. ಕೊನೆಯ ಮಾತು ಅನವಶ್ಯಕ ಎಂದು ಗೆರೆ ಹೊಡೆದು, ಅದರ ಕೆಳಗೆ ನನ್ನ ಸಹಿ ಮಾಡಿಸಿಕೊಂಡ.