ಅಪ್ಪನ ಕೈಚೀಲದ ಚಾಕು

ನಮ್ಮಪ್ಪ ಸೋಫಾ ಹೊಲಿಯುವವರು. ಯಾರ ಮನೆಗೆ ಹೋದರೂ ಅವರು ಮೊದಲು ಮಾತಾಡಿಸುವುದು ಮನೆಯವರನ್ನಲ್ಲ, ಕುರ್ಚಿಯನ್ನು. ಕೂರುವ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಬಗ್ಗಿ ಅಡಿಯಲ್ಲಿ ಕೈಯಾಡಿಸುತ್ತಾರೆ, ಆಮೇಲೆ 'ಫೋಮು ಸತ್ತಿದೆ' ಎಂದು ಸಾವಿನ ಸುದ್ದಿ ತಂದವರ ಹಾಗೆ ಹೇಳಿ ಕೂರುತ್ತಾರೆ. ನಾನು ಓದುತ್ತಿದ್ದ ಶಾಲೆಯ ಹೆಡ್‌ಮಾಸ್ಟರ ಕೋಣೆಯಲ್ಲೂ ಹೀಗೇ ಮಾಡಿ ನನ್ನ ಮಾನ ಕಳೆದಿದ್ದರು. ಮುಂದಿನ ವಾರ ಆ ಕುರ್ಚಿ ನಮ್ಮ ಅಂಗಡಿಗೆ ಬಂತು ಅನ್ನುವುದು ಬೇರೆ ಮಾತು.

ಅಂಗಡಿ ಅಂದರೆ ರಸ್ತೆಗೆ ಬಾಯಿ ತೆರೆದ ಒಂದು ಉದ್ದ ಕೋಣೆ. ಗೋಡೆಗೆ ಒರಗಿ ನಿಂತ ರೆಕ್ಸಿನ್ ಸುರುಳಿಗಳು, ಮೊಳೆಗೆ ತೂಗುಹಾಕಿದ ಸೆಣಬಿನ ಪಟ್ಟಿ, ಹೊಟ್ಟೆ ಬಿಚ್ಚಿಕೊಂಡು ಬಿದ್ದ ಎರಡೋ ಮೂರೋ ಸೋಫಾ. ಬಾಯಿ ತುಂಬ ಮೊಳೆ ಇಟ್ಟುಕೊಂಡು, ಒಂದೊಂದನ್ನೇ ತುಟಿಗೆ ತಂದು ಸುತ್ತಿಗೆಯಿಂದ ಹೊಡೆಯುವ ಹೊತ್ತಿನಲ್ಲಿ ಮಾತ್ರ ಅಪ್ಪ ಸುಮ್ಮನಿರುತ್ತಾರೆ. ಉಳಿದಂತೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನಗೂ ಅದೇ ಮೂಗು ಬಂದಿದೆ ಎಂದು ಅಮ್ಮ ಹೇಳುತ್ತಾಳೆ.

ಅವರ ಕೆಲಸವೆಲ್ಲ ನಡೆಯುವುದು ಒಂದು ಚಾಕುವಿನಿಂದ. ನಡೆಯುತ್ತಿದ್ದದ್ದು ಅನ್ನಬೇಕು. ಕೊಂಬಿನ ಹಿಡಿಯ ಮಡಚುವ ಚಾಕು, ನಮ್ಮಜ್ಜನದು. ಬಿಚ್ಚುತ್ತ ಹೋದರೆ ದೊಡ್ಡ ಅಲಗು, ಸಣ್ಣ ಅಲಗು, ತಿರುಪು ಬಿಚ್ಚುವ ತುದಿ, ಚರ್ಮಕ್ಕೆ ತೂತು ಹಾಕುವ ಮೊನೆ, ಮೊಳೆ ಕೀಳುವ ಕೊಕ್ಕೆ, ಒಂದರ ಹಿಂದೆ ಒಂದು ಹೊರಗೆ ಬರುತ್ತಿದ್ದವು. ಬೇರೆ ಸಾಮಾನೇ ಮುಟ್ಟದೆ ಅಜ್ಜ ಅದೊಂದರಿಂದಲೇ ಇಡೀ ಸೋಫಾ ಬಿಚ್ಚಿ ಹರವುತ್ತಿದ್ದರಂತೆ.

ಅಜ್ಜ ತೀರಿಕೊಂಡ ದಿನ ಆ ಚಾಕು ಅಪ್ಪನ ಜೇಬಿನಲ್ಲಿತ್ತು. ಅದು ಅಪ್ಪನ ಪಾಲಿಗೆ ಬರಲು ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಹಿರಿಯ ಮಗ ನಾನು, ಅದು ನನಗೆ ಸೇರಬೇಕು ಎಂದರು ದೊಡ್ಡಪ್ಪ. ಅಂಗಡಿಯಲ್ಲಿ ಕೂತು ಕೈ ಸವೆಸುವವನು ನಾನು, ಕೊಡುವುದಿಲ್ಲ ಎಂದರು ಅಪ್ಪ. ಸುಮ್ಮನೆ ಆಡಿದ ಮಾತು ಬೆಳೆದು ಹೆಮ್ಮರವಾಯಿತು. ದೊಡ್ಡಪ್ಪ ದೂರದ ಊರಿಗೆ ಹೋಗಿ ತಮ್ಮದೇ ಸೋಫಾ ಅಂಗಡಿ ಹಾಕಿದರು. ಮದುವೆಗೋ ಸಾವಿಗೋ ಮುಖಾಮುಖಿಯಾದಾಗ ದೊಡ್ಡಪ್ಪ "ಚಾಕು ಚೆನ್ನಾಗಿದ್ಯಾ?" ಎಂದು ಕೇಳುವರು. ಅಪ್ಪ "ಚೂಪಾಗಿದೆ" ಎನ್ನುವರು. ಒಡಹುಟ್ಟಿದವರ ನಡುವೆ ಉಳಿದಿದ್ದ ಮಾತುಕತೆ ಇಷ್ಟೇ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವಾಗ ನನಗೆ ಇಬ್ಬರ ತಲೆಯನ್ನೂ ಹಿಡಿದು ಢೀ ಕೊಡಿಸಬೇಕು ಅನ್ನಿಸುತ್ತಿತ್ತು.

ಮನೆಯಲ್ಲಿ ಆ ಚಾಕುವಿನದೇ ಒಂದು ಕಟ್ಟಳೆಯಿತ್ತು. ಅಪ್ಪ ಒಮ್ಮೆ ಗಿರಾಕಿಯ ಮನೆಯಲ್ಲಿ ಸೋಫಾ ಮಗುಚಿ ಹಾಕಿದ ಮೇಲೆ ಚೀಲದಲ್ಲಿ ಕೈಯಾಡಿಸಿದರೆ ಚಾಕು ಇರಲಿಲ್ಲ. ಮನೆಗೆ ಬಂದು ಆಕಾಶ ಭೂಮಿ ಒಂದು ಮಾಡಿದರು. ತರಕಾರಿ ಬುಟ್ಟಿಯಲ್ಲಿ ಸಿಕ್ಕಿತು. ಅಂದಿನಿಂದ ಅವರು ಹೊಸ್ತಿಲ ಮೇಲೆ ನಿಂತು "ಚಾಕು?" ಎನ್ನಬೇಕು, ಒಳಗಿನಿಂದ ಅಮ್ಮ "ಚೀಲದಲ್ಲಿದೆ" ಎನ್ನಬೇಕು. ಅಮ್ಮ ಸುಮ್ಮನೆ ಬಾಯಿಮಾತಿಗೆ ಹೇಳುವವಳಲ್ಲ. ಊಟದ ಡಬ್ಬಿ ಇಡುವಾಗಲೇ ಕೈಚೀಲದ ಹೊರಜೇಬನ್ನು ಮುಟ್ಟಿ ನೋಡುತ್ತಿದ್ದಳು; ಚಾಕು ಇಲ್ಲದಿದ್ದರೆ ಎಲ್ಲಿದ್ದರೂ ಹುಡುಕಿ ತಂದು ಹಾಕುತ್ತಿದ್ದಳು. ಕೈಚೀಲ, ಚಾಕು, ಅಮ್ಮನ ಕೈ, ಮೂರೂ ಹೀಗೆ ಒಂದಕ್ಕೊಂದು ಅಂಟಿಕೊಂಡಿದ್ದವು.

ವಿಮಾನದಲ್ಲಿ ಚಾಕು ಒಯ್ಯಲು ಬಿಡುವುದಿಲ್ಲ ಅನ್ನುವುದು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅಜ್ಜನ ಚಾಕುವಿಗೆ ಸ್ವಲ್ಪ ಬಿಡುವು ಸಿಗಲಿ ಎಂದು ನಾನು ಒಂದು ಮಲ್ಟಿಟೂಲ್ ತಂದುಕೊಟ್ಟಿದ್ದೆ. ಚಾಕು, ಇಕ್ಕಳ, ಗರಗಸ, ಕತ್ತರಿ ಎಲ್ಲವೂ ಒಂದರಲ್ಲೇ ಇರುವಂಥದ್ದು. ಒಂದು ಹೋಟೆಲಿನ ಕುರ್ಚಿಗಳ ಕೆಲಸಕ್ಕೆಂದು ಮೊದಲ ಸಲ ವಿಮಾನ ಹತ್ತಲು ಹೋದಾಗ, ತಪಾಸಣೆಯವರು ಅದನ್ನು ಅಪ್ಪನ ಜೇಬಿನಿಂದಲೇ ತೆಗೆದುಕೊಂಡರು. ಮನೆಗೆ ಬಂದು ಅಮ್ಮನ ಹತ್ತಿರ ಹೋಟೆಲಿನಲ್ಲಿ ಮರೆತು ಬಂದೆ ಎಂದರು. ಇಷ್ಟು ವಯಸ್ಸಾದವನನ್ನು ಕಳ್ಳನ ಹಾಗೆ ಕೈ ಎತ್ತಿಸಿ ತಡಕಿದರು ಎಂದು ಹೇಳಿಕೊಳ್ಳಲು ಅವರಿಗೆ ನಾಚಿಕೆ. ನನಗೆ ಮಾತ್ರ ನಿಜ ಹೇಳಿದರು. ನಾನದನ್ನು ಒಂದು ಮದುವೆಯಲ್ಲಿ ದೊಡ್ಡಪ್ಪನಿಗೆ ಹೇಳಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅಮ್ಮನಿಗೆ ಮಾತ್ರ, ಕೈಚೀಲದಲ್ಲಿ ಚಾಕು ಇದ್ದರೆ ವಿಮಾನಕ್ಕೆ ಬಿಡುವುದಿಲ್ಲ ಅನ್ನುವುದು ಗೊತ್ತೇ ಆಗಲಿಲ್ಲ. ಅವಳು ವಿಮಾನ ಹತ್ತಿದವಳೂ ಅಲ್ಲ.

ಈ ಸಲ ಫೋನು ಮಾಡಿದ್ದು ಸ್ವತಃ ದೊಡ್ಡಪ್ಪ. ಹೃದಯದ ಆಪರೇಷನ್ ಇದೆ, ಡಾಕ್ಟರು ಧೈರ್ಯದ ಮಾತು ಸ್ವಲ್ಪ ಕಮ್ಮಿಯೇ ಆಡುತ್ತಿದ್ದಾರೆ ಎಂದರು. ಕೊನೆಗೆ, "ಬರೋದಾದ್ರೆ ಆ ಚಾಕು ತಗೊಂಡು ಬಾ. ಒಂದ್ಸಲ ಕೈಯಲ್ಲಿ ಹಿಡಿಬೇಕು" ಎಂದರು. ಅಪ್ಪ ಫೋನು ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಅವರ ಬಾಯಲ್ಲಿ ಆಗ ಮೊಳೆಯೂ ಇರಲಿಲ್ಲ.

ಆಮೇಲೆ ಚಾಕುವಿನ ಸೇವೆ ಶುರುವಾಯಿತು. ಅಲಗುಗಳನ್ನು ಸಾಣೆ ಹಿಡಿದರು, ಎಣ್ಣೆ ಬಿಟ್ಟರು, ಕೊಂಬಿನ ಹಿಡಿಯನ್ನು ಬಟ್ಟೆಯಿಂದ ತಿಕ್ಕಿದರು. ಹಸಿರು ರೆಕ್ಸಿನ್ ತುಂಡಿನಲ್ಲಿ ಪುಟ್ಟ ಚೀಲ ಹೊಲಿದು ಅದರೊಳಗಿಟ್ಟರು. ಹಿಡಿದು ನೋಡಿ ವಾಪಸ್ ಕೊಡುವುದಕ್ಕಲ್ಲ, ಅಣ್ಣನ ಹತ್ತಿರವೇ ಇರಲಿ ಎಂದು ನನಗೆ ಹೇಳಿದರು. ಇಷ್ಟು ವರ್ಷ ಹಟ ಹಿಡಿದದ್ದು ಸಾಕು, ಅವನು ಆಪರೇಷನ್ನಿಗೆ ಹೋಗುವ ಮೊದಲು ಅದು ಅವನ ಕೈ ಸೇರಬೇಕು ಎಂದರು. ಹೊರಡುವ ಹಿಂದಿನ ದಿನ ಅವರೇ ಅದನ್ನು ದೊಡ್ಡ ಬ್ಯಾಗಿನಲ್ಲಿ, ಪಂಚೆಯ ಮಡಿಕೆಯೊಳಗೆ ಇಟ್ಟರು. ಆ ಬ್ಯಾಗು ಕೌಂಟರಿನಲ್ಲಿ ಕೊಟ್ಟುಬಿಡುವಂಥದ್ದು, ಅದರಲ್ಲಿ ಚಾಕು ಹೋಗಬಹುದು ಎಂದು ನನ್ನನ್ನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು.

ಬೆಳಿಗ್ಗೆ ಅಮ್ಮ ಅಂಗಡಿ ನೋಡಿಕೊಳ್ಳಲು ಉಳಿದಳು. ನಾನೂ ಅಪ್ಪನೂ ಟ್ಯಾಕ್ಸಿ ಹತ್ತಿದೆವು. ಹೊಸ್ತಿಲು ದಾಟುವಾಗ ಅಪ್ಪ "ಚಾಕು?" ಎಂದು ಕೇಳಲಿಲ್ಲ ಅನ್ನುವುದು ನನ್ನ ಗಮನಕ್ಕೆ ಬರಲಿಲ್ಲ. ಅಮ್ಮನ ಗಮನಕ್ಕೆ ಬಂದಿತ್ತು.

ಟ್ರಾಫಿಕ್ಕಿನಿಂದಾಗಿ ಏರ್‌ಪೋರ್ಟ್ ತಲುಪಿದ್ದೇ ತಡವಾಗಿ. ದೊಡ್ಡ ಬ್ಯಾಗು ಕೊಟ್ಟು ತಪಾಸಣೆಯ ಸಾಲಿಗೆ ಬಂದಾಗ ಅಪ್ಪ ಒಳ್ಳೆಯ ಹುಡುಗನ ಹಾಗೆ ಬೆಲ್ಟು, ಗಡಿಯಾರ, ಚಿಲ್ಲರೆ ಎಲ್ಲ ತಟ್ಟೆಯಲ್ಲಿಟ್ಟರು. ಈ ಸಲ ನನ್ನ ಹತ್ತಿರ ಏನೂ ಸಿಗಲ್ಲ ಎಂಬ ಗತ್ತು ಅವರ ಮುಖದ ಮೇಲಿತ್ತು. ಕೈಚೀಲ ಪಟ್ಟಿಯ ಮೇಲೆ ಯಂತ್ರದೊಳಗೆ ಹೋಯಿತು, ನಿಂತಿತು, ಹಿಂದೆ ಬಂತು, ಮತ್ತೆ ಹೋಯಿತು. ಕೊನೆಗೆ ಸಮವಸ್ತ್ರದವರೊಬ್ಬರು ಅದನ್ನೆತ್ತಿ ಇದು ಯಾರದು ಎಂದರು. ನಂದೇ, ಊಟದ ಡಬ್ಬಿ, ಕನ್ನಡಕ, ಅಷ್ಟೇ ಇರೋದು ಎಂದು ಅಪ್ಪ ಎದೆಯುಬ್ಬಿಸಿ ಹೇಳಿದರು. ಆತ ಹೊರಜೇಬಿಗೆ ಕೈ ಹಾಕಿ ಹಸಿರು ರೆಕ್ಸಿನ್ ಚೀಲವನ್ನು ಹೊರಗೆ ತೆಗೆದರು.

ನನ್ನ ನೆತ್ತಿಗೆ ಸಿಟ್ಟೇರಿತು. ದೊಡ್ಡ ಬ್ಯಾಗಲ್ಲಿ ಇಟ್ಟೆ ಅಂದ್ರಲ್ಲ ಎಂದು ಅಷ್ಟು ಜನರ ಮುಂದೆ ಅಪ್ಪನ ಮೇಲೆ ಹರಿಹಾಯ್ದೆ. ಅಪ್ಪ ಆ ಚೀಲವನ್ನೇ ನೋಡುತ್ತಿದ್ದರು. "ನಿಮ್ಮಮ್ಮ" ಎಂದರು, ಅಷ್ಟೇ. ಇನ್ನೇನು ಸಿಡಿಯುತ್ತಾರೆ ಎಂದು ಕಾದೆ. ಸಿಡಿಯಲಿಲ್ಲ.

"ಸರ್, ಇದು ಹೋಗಲ್ಲ" ಎಂದರು ಆತ. ಅಪ್ಪ ಬೇಡಿಕೊಂಡರು. ಅಲಗುಗಳನ್ನು ಬಿಚ್ಚಿ ಇಲ್ಲೇ ಕೊಡುತ್ತೇನೆ, ಬರೀ ಹಿಡಿಯನ್ನಾದರೂ ಬಿಡಿ ಎಂದರು. ಬಿಚ್ಚುವುದು ಯಾವುದರಿಂದ? ಜಗತ್ತಿನ ತಿರುಪುಗಳನ್ನೆಲ್ಲ ಬಿಚ್ಚುವ ಆ ಚಾಕುವಿಗೆ ತನ್ನದನ್ನು ಬಿಚ್ಚಿಕೊಳ್ಳಲು ಬರುತ್ತಿರಲಿಲ್ಲ. ಹಿಂದಿದ್ದವರು ಗೊಣಗತೊಡಗಿದರು. ಆತ ಕೆಟ್ಟವರೇನಲ್ಲ. ಕೌಂಟರಿಗೆ ಹೋಗಿ ಕೇಳಿ, ನಿಮ್ಮ ದೊಡ್ಡ ಬ್ಯಾಗಿಗೆ ಸೇರಿಸಿಕೊಳ್ಳಬಹುದು ಎಂದು ನನ್ನನ್ನು ಚಾಕುವಿನೊಂದಿಗೆ ಹೊರಗೆ ಬಿಟ್ಟರು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಕೌಂಟರಿನ ಹುಡುಗಿ ಪರದೆಯಿಂದ ತಲೆ ಎತ್ತದೆ, ಆ ವಿಮಾನದ ಬ್ಯಾಗುಗಳೆಲ್ಲ ಹೋಗಿಯಾಯಿತು, ಇನ್ನು ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ ಎಂದಳು. ಇಲ್ಲಿ ಇಟ್ಟುಕೊಂಡಿರಿ, ಆಮೇಲೆ ಬಂದು ಒಯ್ಯುತ್ತೇವೆ ಎಂದೆ. ಅಂಥ ವ್ಯವಸ್ಥೆ ಇಲ್ಲ ಮೇಡಂ ಎಂದಳು. ಟ್ಯಾಕ್ಸಿಯವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಬಿಝಿ ಬಂತು. ಇಷ್ಟು ದೊಡ್ಡ ಕಟ್ಟಡ, ಅಷ್ಟೊಂದು ದೀಪ, ಅಷ್ಟೊಂದು ಅಂಗಡಿ. ಒಬ್ಬ ಮನುಷ್ಯನ ಒಂದು ಚಾಕುವನ್ನು ಎರಡು ದಿನ ಇಟ್ಟುಕೊಳ್ಳುವ ಒಂದು ಮೂಲೆ ಇರಲಿಲ್ಲ. ಅಲ್ಲೇ ಕೂತು ಕಿರುಚಬೇಕು ಅನ್ನಿಸಿತು.

ವಾಪಸ್ ಬಂದಾಗ ಅಪ್ಪ ಬೆಲ್ಟನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ನೀನು ಹೋಗು. ನಾನು ಚಾಕು ತಗೊಂಡು ನಾಳೆ ಬರ್ತೀನಿ. ಅದಿಲ್ದೆ ಅವನ ಮುಖ ಹೇಗೆ ನೋಡ್ಲಿ?"

"ನಾಳೆ ಬೆಳಿಗ್ಗೆನೇ ಆಪರೇಷನ್ ಅಪ್ಪ. ಅವರಿಗೇನಾದ್ರೂ ಆದ್ರೆ ಚಾಕು ತಗೊಂಡು ಹೋಗಿ ಯಾರ ಮುಖ ನೋಡ್ತೀರಿ?"

ಆಡಬಾರದ ಮಾತು ಆಡಿದ್ದೆ. ಆದರೆ ಅದೇ ಅವರನ್ನು ಅಲ್ಲಿಂದ ಅಲುಗಾಡಿಸಿದ್ದು. ಗಾಜಿನಂಥ ಒಂದು ಪೆಟ್ಟಿಗೆಯಲ್ಲಿ ಕತ್ತರಿ, ಉಗುರು ಕತ್ತರಿಸುವ ಸಾಮಾನು, ಯಾರ್ಯಾರದೋ ಚೂರಿಗಳು ಬಿದ್ದಿದ್ದವು. ಅಪ್ಪ ರೆಕ್ಸಿನ್ ಚೀಲದಿಂದ ಚಾಕು ತೆಗೆದು, ಒಮ್ಮೆ ಅಂಗೈಯಲ್ಲಿ ಮುಚ್ಚಿ ಹಿಡಿದು, ತಾವೇ ಅದರೊಳಗೆ ಹಾಕಿದರು. ಖಾಲಿ ಚೀಲವನ್ನು ಜೇಬಿನಲ್ಲಿಟ್ಟುಕೊಂಡರು.

ವಿಮಾನದಲ್ಲಿ ಕನ್ನಡಕಕ್ಕೆಂದು ಕೈಚೀಲ ಹುಡುಕುವಾಗ ಅಸ್ತರಿನೊಳಗಿಂದ ಒಂದು ದಬ್ಬಳ ಹೊರಬಂತು, ಗೇಣುದ್ದದ್ದು, ಸೋಫಾದ ದಪ್ಪ ಬಟ್ಟೆ ಚುಚ್ಚುವಂಥದ್ದು. "ಇದನ್ನ ಬಿಟ್ಟಿದಾರೆ" ಎಂದು ಅಪ್ಪ ಮತ್ತೆ ಒಳಗಿಟ್ಟರು. ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಅಮ್ಮನಿಗೆ ಚೆನ್ನಾಗಿ ನಾಲ್ಕು ಮಾತು ಹೇಳುತ್ತೇನೆ, ಇಳಿದ ಕೂಡಲೇ ಫೋನು ಮಾಡುತ್ತೇನೆ ಎಂದೆ.

"ಅವಳಿಗೆ ಹೇಳ್ಬೇಡ" ಎಂದರು ಅಪ್ಪ. "ಇಷ್ಟು ವರ್ಷ ಬೈದು ಬೈದು ಕಲಿಸಿದೀನಿ. ನಾನು ಕಲಿಸಿದ್ದನ್ನೇ ಮಾಡಿದಾಳೆ."

ಆಮೇಲೆ ಇಳಿಯುವ ತನಕ ಕಿಟಕಿಯ ಕಡೆಗೆ ಮುಖ ಮಾಡಿ ಕೂತರು. ಸೀಟನ್ನು ಒತ್ತಿ ನೋಡಲೂ ಇಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ದೊಡ್ಡಪ್ಪ ದಿಂಬಿಗೆ ಒರಗಿ ಕೂತಿದ್ದರು. ಇಳಿದುಹೋಗಿದ್ದರು. ದೊಡ್ಡಮ್ಮ ಕಿತ್ತಳೆ ಸುಲಿಯುತ್ತಿದ್ದಳು. ಪ್ರಯಾಣ ಹೇಗಾಯ್ತು, ಊಟ ಆಯ್ತಾ ಎಂಬ ಮಾತುಗಳು ಮುಗಿದ ಮೇಲೆ ದೊಡ್ಡಪ್ಪ ಸೂಜಿ ಚುಚ್ಚದ ಕೈಯನ್ನು ಮುಂದೆ ಚಾಚಿದರು.

"ತಂದ್ಯಾ?"

ಅಪ್ಪ ಜೇಬಿನಿಂದ ಹಸಿರು ಚೀಲ ತೆಗೆದು ಆ ಕೈಯಲ್ಲಿಟ್ಟರು. ಏರ್‌ಪೋರ್ಟಿನಲ್ಲಿ ತೆಗೆದುಕೊಂಡುಬಿಟ್ಟರು ಎಂದರು. ಕೈಚೀಲದಲ್ಲಿತ್ತು, ಬಿಡಲಿಲ್ಲ ಎಂದರು.

ದೊಡ್ಡಪ್ಪ ಖಾಲಿ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೊಲಿಗೆಯನ್ನೂ ನೋಡಿದರು. "ಹಿಂದೆ ಒಂದ್ಸಲ ಆ ಮಲ್ಟಿಟೂಲ್ ಹೀಗೇ ಕಳ್ಕೊಂಡಿದ್ಯಲ್ಲ. ಗೊತ್ತಿದ್ದೂ ಕೈಚೀಲದಲ್ಲಿ ಇಟ್ಕೊಂಡು ಬಂದ್ಯಾ?"

ಅಪ್ಪನ ಹತ್ತಿರ ಉತ್ತರ ಇತ್ತು. ಆದರೆ ಅದನ್ನು ಹೇಳಿದರೆ ದೊಡ್ಡಮ್ಮನ ಕಿವಿಗೆ ಬೀಳುತ್ತಿತ್ತು, ಸಂಜೆಯೊಳಗೆ ಅಮ್ಮನಿಗೆ ತಲುಪುತ್ತಿತ್ತು.

"ಕೊಡೋಕೆ ಮನಸ್ಸಿಲ್ಲ ಅಂದ್ರೆ ಫೋನಲ್ಲೇ ಹೇಳ್ಬೇಕಿತ್ತು" ಎಂದರು ದೊಡ್ಡಪ್ಪ. "ಖಾಲಿ ಚೀಲ ಯಾಕೆ ಹೊಲ್ಕೊಂಡು ಬಂದೆ?"

ನನ್ನ ಮೈ ಉರಿದುಹೋಯಿತು. ನಾನೇ ಕಣ್ಣಾರೆ ನೋಡಿದೆ ದೊಡ್ಡಪ್ಪ ಎಂದು ಶುರುಮಾಡಿದೆ. ನೀನು ಅವನ ಮಗಳು ತಾನೆ ಎಂದು ಅವರು ಮುಖ ತಿರುಗಿಸಿದರು. ನಡೆದದ್ದನ್ನೆಲ್ಲ ಹೇಳಿಯೇ ಬಿಡೋಣ ಎಂದು ಬಾಯಿ ತೆರೆದರೆ ಅಪ್ಪ ನನ್ನ ಕಾಲು ತುಳಿದರು. ಬೈಯುವುದಕ್ಕೆ ಹೆಸರಾದ ಮನುಷ್ಯ ಅಲ್ಲಿ ಬೈಸಿಕೊಳ್ಳುತ್ತ ನಿಂತಿದ್ದರು. ನನಗೆ ಆ ಏರ್‌ಪೋರ್ಟಿನ ಮೇಲೆ, ಆ ಹುಡುಗಿಯ ಸಿಸ್ಟಮಿನ ಮೇಲೆ, ಅಮ್ಮನ ಮೇಲೆ, ಇವರಿಬ್ಬರ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಯಾರ ಮೇಲೂ ತೀರಿಸಿಕೊಳ್ಳುವ ಹಾಗಿರಲಿಲ್ಲ.

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಅಮ್ಮ. ಭಾವನ ಹತ್ತಿರ ಕೊಡು, ಒಂದು ಮಾತಾಡಬೇಕು ಎಂದಳು. ದೊಡ್ಡಪ್ಪನ ಒಂದು ಕೈಗೆ ಸೂಜಿ, ಇನ್ನೊಂದರಲ್ಲಿ ಆ ಚೀಲ. ನಾನು ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದೆ. ಹೇಗಿದೀರ ಭಾವ, ಧೈರ್ಯವಾಗಿರಿ ಎಂದೆಲ್ಲ ಹೇಳಿದ ಮೇಲೆ ಅಮ್ಮ ದನಿ ಇಳಿಸಿದಳು.

"ಚಾಕು ತಲುಪ್ತಾ ಭಾವ? ಇವರು ಅದನ್ನ ದೊಡ್ಡ ಬ್ಯಾಗಲ್ಲಿ ಪಂಚೆ ಒಳಗೆ ಮರೆತುಬಿಟ್ಟಿದ್ರು. ನಿಮ್ಮದೇ ಚಿಂತೇಲಿ, ಹೊರಡೋವಾಗ ಚಾಕು ಅಂತ ಕೇಳೋದೂ ನೆನಪಾಗ್ಲಿಲ್ಲ ಅವರಿಗೆ. ನಾನೇ ಹುಡುಕಿ ಕೈಚೀಲಕ್ಕೆ ಹಾಕಿದ್ದೆ. ಇಲ್ದಿದ್ರೆ ನಿಮ್ಮ ಕೈಗೆ ಕೊಡೋಕೆ ಎಲ್ಲಿ ಹುಡುಕೋರು?"

ದೊಡ್ಡಮ್ಮನ ಕೈಯಲ್ಲಿ ಕಿತ್ತಳೆ ಅರ್ಧಕ್ಕೇ ನಿಂತಿತು. ದೊಡ್ಡಪ್ಪ ತಲೆ ಎತ್ತಿ ಅಪ್ಪನನ್ನು ನೋಡಿದರು. ಅಪ್ಪ ಬೇಡ ಎನ್ನುವ ಹಾಗೆ ಸಣ್ಣಗೆ ತಲೆಯಾಡಿಸಿದರು.

"ಭಾವ, ಕೇಳಿಸ್ತಾ? ತಲುಪ್ತಾ?"

"ತಲುಪ್ತಮ್ಮ" ಎಂದರು ದೊಡ್ಡಪ್ಪ. ಖಾಲಿ ಚೀಲದ ಮೇಲೆ ಅವರ ಬೆರಳುಗಳು ಮುಚ್ಚಿಕೊಂಡವು. "ಇಲ್ಲೇ ಕೈಲಿದೆ."

"ಚೆನ್ನಾಗಿದೆ ತಾನೆ? ಇವರು ಅದನ್ನ ಎಷ್ಟು ಉಜ್ಜಿದಾರೆ ಗೊತ್ತಾ?"

"ಚೂಪಾಗಿದೆ" ಎಂದರು ದೊಡ್ಡಪ್ಪ.

ಅಪ್ಪ ಗೋಡೆಯ ಕಡೆಗೆ ತಿರುಗಿ, ಅಲ್ಲಿದ್ದ ಕುರ್ಚಿಯನ್ನು ಒತ್ತಿ ನೋಡಲು ಬಗ್ಗಿದರು. ಬಹಳ ಹೊತ್ತು ಮೇಲೇಳಲಿಲ್ಲ.